ಟೀಚರಿಗೆ ಇರುವಂತಿ ಹೇಳಿಕೊಟ್ಟದ್ದು

ಮಸ್ಕಿ, ಫೆಬ್ರವರಿ ೩೦, ೨೩೧೪

ಮುನ್ನೂರು ವರ್ಷ ಹಿಂದಿನ ಬದಲಿ ಟೀಚರಮ್ಮನವರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದವರು ಫೆಬ್ರವರಿಗೆ ಎರಡು ದಿನ ಸೇರಿಸಿದ್ದಾರೆ. ನನ್ನ ಕೆಲವು ಮಾತುಗಳೂ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಇವತ್ತು ಕಂಡದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಅನ್ನ ಸೇರುವುದಿಲ್ಲ.

ನಮ್ಮ ಶಾಲೆಯ ಗೋಡೆ ಬಿಸಿಲೇರಿದಂತೆ ತಾನೇ ತಂಪಾಗುತ್ತದೆ, ಊಟದ ತಟ್ಟೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಆದರೂ ಟೀಚರು ರಜೆ ಹಾಕಿದರೆ ಬದಲಿಗೆ ಮನುಷ್ಯರೇ ಬರಬೇಕು. ಬರುವವರು ಮೊದಲು ಮಣೆದಿನ ಮುಗಿಸಬೇಕು. ಅಂದರೆ, ಸಿಟ್ಟು ಬಂದಾಗ ತಡೆದುಕೊಳ್ಳಲಾಗದ ಮಗುವಿನ ಪಕ್ಕ ಇಡೀ ದಿನ ಮಣೆ ಹಾಕಿಕೊಂಡು ಕೂರಬೇಕು. ತನ್ನ ಜೊತೆ ಹೇಗಿರಬೇಕೆಂದು ಮಗುವೇ ಹೇಳಿಕೊಡುತ್ತದೆ, ಟೀಚರು ಬಾಯಿ ಮುಚ್ಚಿಕೊಂಡು ಕಲಿಯಬೇಕು. ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನಗೆ ಒಂಬತ್ತು ವರ್ಷದ ಹುಡುಗಿ ಏನು ಹೇಳಿಕೊಟ್ಟಾಳು ಎಂದು ಒಳಗೊಳಗೇ ಉರಿದುಹೋಗಿತ್ತು.

ಇರುವಂತಿ ಅವಳ ಹೆಸರು. ಹಿಂದಿನ ಬದಲಿಯವರು ಹೊರಗೆ ನಿಲ್ಲಿಸಿದರೆಂದು ಒಂದು ತಿಂಗಳು ಶಾಲೆಗೇ ಬಂದಿರಲಿಲ್ಲ. ಇನ್ನೊಮ್ಮೆ ಹಾಗಾದರೆ ಕಳಿಸುವುದೇ ಇಲ್ಲ ಎಂದು ಅವಳ ತಾಯಿ ಖಡಾಖಂಡಿತವಾಗಿ ಹೇಳಿದ್ದರು. ಮಣೆದಿನ ಇರುವಂತಿ ಹೇಳಿದ್ದಿಷ್ಟೇ: ತಾನು ಮೇಜಿನ ಕೆಳಗೆ ಹೋದರೆ ಬಗ್ಗಿ ನೋಡಬಾರದು, ಕರೆಯಬಾರದು, ಪಕ್ಕದಲ್ಲಿ ಬೆನ್ನು ತಿರುಗಿಸಿ ಕೂತರೆ ಸಾಕು. ಇಷ್ಟೇನಾ ಅಂದುಕೊಂಡೆ.

ಇವತ್ತು ಮೊದಲ ಪಾಠ. ಗಲಾಟೆ ನಿಲ್ಲಿಸಲು ಜೋರಾಗಿ ಚಪ್ಪಾಳೆ ತಟ್ಟಿದೆ. ಇರುವಂತಿ ನೀರಿನ ಲೋಟ ಎಸೆದು ಮೇಜಿನ ಕೆಳಗೆ ಸೇರಿದಳು. ನಾನೋ, ಹಳೇ ಚಾಳಿ, ಬಾರಮ್ಮ ಪುಟ್ಟಿ ಎನ್ನುತ್ತಾ ಬಗ್ಗಿ ಕೈ ಚಾಚಿದೆ. ಕಚ್ಚಿಯೇಬಿಟ್ಟಳು! ಹೆದರಿದ್ದು ನೋವಿಗಲ್ಲ, ಈ ಮಗು ನನ್ನಿಂದಲೇ ಶಾಲೆ ಬಿಡುತ್ತದಲ್ಲಾ ಎಂದು. ನೆಲಕ್ಕೆ ಕೂತು ಬೆನ್ನು ತಿರುಗಿಸಿದೆ. ಆಗ ನೋಡಿ, ಮೂವತ್ತು ಮಕ್ಕಳಲ್ಲಿ ಒಬ್ಬರೂ ಇಣುಕಲಿಲ್ಲ, ನಗಲಿಲ್ಲ. ಒಬ್ಬಳು ಎದ್ದು ನಾನು ಬಿಟ್ಟಲ್ಲಿಂದ ಮಗ್ಗಿ ಹೇಳಿಸತೊಡಗಿದಳು. ಅಬ್ಬಾ, ಎಂಥ ಮಕ್ಕಳು! ಎಷ್ಟೋ ಹೊತ್ತಿನ ಮೇಲೆ ನನ್ನ ಬೆನ್ನಿಗೆ ಒಂದು ಪುಟ್ಟ ಬೆನ್ನು ಒರಗಿತು. ನಾನು ಅಲುಗಾಡಲಿಲ್ಲ, ಕಣ್ಣೀರು ಮಾತ್ರ ತಡೆಯಲಾಗಲಿಲ್ಲ.

ನಿಮ್ಮ ಕಾಲದಲ್ಲಿ ಬೆಳಿಗ್ಗೆ ಫೋನ್ ಬಂದರೆ ಹತ್ತು ಗಂಟೆಗೆ ಗುರುತೇ ಇಲ್ಲದ ತರಗತಿಗೆ ಹೋಗಿ ನಿಲ್ಲುತ್ತಿದ್ದಿರಂತೆ. ಅಯ್ಯೋ, ನಿಮ್ಮ ಧೈರ್ಯವೇ! ಒಂದೇ ಬೇಡಿಕೆ: ಐದು ನಿಮಿಷ ಸಿಕ್ಕರೂ ಸರಿ, ನಿನ್ನ ಜೊತೆ ಹೇಗಿರಲಿ ಎಂದು ಆ ತರಗತಿಯ ಇಂಥ ಮಗುವನ್ನೇ ಕೇಳಿ. ಕೇಳಿಯೂ ನೀವು ತಪ್ಪಬಹುದು, ನಾನೇ ತಪ್ಪಿದೆನಲ್ಲ.

ನಮ್ಮಲ್ಲಿ ಬದಲಿ ಟೀಚರ ಬಗ್ಗೆ ವರದಿ ಬರೆಯುವುದು ಮಗುವೇ. ಇರುವಂತಿ ಬರೆದು, ನನ್ನ ಕೈಗೆ ತುರುಕಿ ಓಡಿದಳು: ಟೀಚರು ಮೊದಲು ಮರೆತರು. ಆಮೇಲೆ ಸರಿಯಾಗಿ ಕೂತರು. ನಾಳೆ ನಾನು ಬರುತ್ತೇನೆ.

ಇಂತಿ,
ದಾಕ್ಷಾಯಿಣಿ ಗುಡದೂರು