ಎದುರಾಳಿ ಓದಿದ ಉತ್ತರ

ಹುಕ್ಕೇರಿ, ಶುಕ್ರವಾರ

ಚರ್ಚಾಸ್ಪರ್ಧೆಗಳ ನನ್ನ ಹಳೆಯ ಎದುರಾಳಿ ಮೌಲಾಅಲಿ,

ಗಂಟಲಿನ ಕ್ಯಾನ್ಸರ್ ಗುಣವಾಗುತ್ತಿದ್ದರೂ, ದನಿ ಹೋದ ಸಂಕೋಚಕ್ಕೆ ನೀನು ಮನೆಗೆ ಬಂದವರಿಗೂ ಮುಖ ತೋರಿಸುತ್ತಿಲ್ಲವೆಂದು ಭಾಭಿ ಹೇಳಿದರು. ಇದಕ್ಕೆ ನನ್ನ ಒಪ್ಪಿಗೆಯಿಲ್ಲ.

ಪರಿಚಯವಿಲ್ಲದ ಈ ಊರಿನ ಕಾಲೇಜಿಗೆ ಚರ್ಚಾಸ್ಪರ್ಧೆಯ ನಿರ್ಣಾಯಕನಾಗಿ ಬಂದಿದ್ದೇನೆ. ನಂದಾ ಎಂಬ ಹುಡುಗಿಗೆ ಗಂಟಲು ಕಟ್ಟಿತ್ತು. ತನ್ನ ಖಂಡನೆಯನ್ನು ಬರೆದು, ಓದಿ ಹೇಳಲು ಎದುರಾಳಿ ಗುಲ್ನಾಜಳ ಕೈಗೇ ಕೊಟ್ಟಳು.

"ಏ, ಸೋಲಾಕ ಓದಾಕತ್ತೀಯೇನವಾ?" ಎಂದು ಹಿಂದಿನ ಸಾಲು ನಕ್ಕಿತು.

"ಅಕಿ ಬರದದ್ದು ಖರೆ ಇದ್ರ ಸೋಲತೇನಿ, ಸುಮ್ಕಿರ್ರಿ" ಎಂದ ಗುಲ್ನಾಜ, ತನ್ನ ವಾದವನ್ನೇ ಮುರಿಯುವ ಆ ಹಾಳೆಯನ್ನು ಒಂದಕ್ಷರವೂ ಮೆತ್ತಗಾಗದಂತೆ ಓದಿದಳು. ನಂದಾ ಗೆದ್ದಳು.

ಗಂಜಿ ಬಿಡಬೇಡ. ಸೋಮವಾರದ ತಪಾಸಣೆಗೆ ನಾನೇ ಜೊತೆಗೆ ಬರುತ್ತೇನೆ. ಹೇಳಬೇಕಾದದ್ದೆಲ್ಲವನ್ನೂ, ನನ್ನನ್ನು ಬೈಯುವುದಿದ್ದರೆ ಅದನ್ನೂ, ಬರೆದಿಡು. ವೈದ್ಯರ ಮುಂದೆ ನಾನು ಓದುತ್ತೇನೆ. ನನ್ನ ಮಗ ತೀರಿಕೊಂಡ ದಿನ ನನಗೆ ಮಾತೇ ಹೊರಡಲಿಲ್ಲ. ಬಂದವರಿಗೆಲ್ಲ ನನ್ನ ಪರವಾಗಿ ಉತ್ತರಿಸಿದವನು ನೀನು. ಅಂದು ನಾನು ನಿನ್ನನ್ನು ತಡೆಯಲಿಲ್ಲ. ಈಗ ನೀನೂ ನನ್ನನ್ನು ತಡೆಯಬೇಡ.

ಊರಿಗೆ ಮರಳುವ ಬಸ್ಸು ಬಂತು.

ಗಜಾನನ