ನಿನ್ನ ಲೋಟದ ಬಿಸಿ

ಮನೆಯಿಂದ, ಅಡುಗೆಮನೆಯ ಮೇಜು
ಗುರುವಾರ ಮಧ್ಯಾಹ್ನ

ನನ್ನ ಮುದ್ದು ಗುಬ್ಬಚ್ಚೀ,

ಹೇಗಿದ್ದೀಯೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲ ಆ ಹಿಮದ ಬೆಟ್ಟದ ಹವಾಮಾನ ಕೇಂದ್ರದಲ್ಲಿ ಗಾಳಿ ಅಳೆಯುತ್ತ ಅದನ್ನೇ ಕುಡಿದು ಬದುಕಿದ್ದೀಯಾ? ಕೆಮ್ಮು ಹೋಯಿತೇ? ನಾನು ಹೆಣೆದು ಕೊಟ್ಟ ಕಾಲುಚೀಲ ಹಾಕಿಕೊಳ್ಳುತ್ತೀ ತಾನೆ? ಒಂದು ದೊಡ್ಡದು, ಒಂದು ಚಿಕ್ಕದು ಅಂತ ಪೆಟ್ಟಿಗೆಯ ತಳಕ್ಕೆ ತುರುಕಿದ್ದರೆ ನನ್ನ ಬಾಯಿ ಗೊತ್ತಲ್ಲ. ಶನಿವಾರದಿಂದ ನಿನ್ನ ಫೋನು ಸಿಗುತ್ತಿಲ್ಲ. ಹಿಮಗಾಳಿಗೆ ಕಂಬ ಬಿದ್ದಿರಬೇಕು, ಅದು ಇದ್ದದ್ದೇ ಅಂತ ನಿಮ್ಮಪ್ಪ ನಮಗೆಲ್ಲ ಧೈರ್ಯ ಹೇಳುತ್ತಾನೆ. ಹೇಳುವವನು ಮಾತ್ರ ತಟ್ಟೆಯ ಪಕ್ಕ ಫೋನಿಟ್ಟುಕೊಂಡು, ಅನ್ನ ಬಿಟ್ಟು ಅದನ್ನೇ ನೋಡುತ್ತಿರುತ್ತಾನೆ. ನಿಮಗೆ ಸಾಮಾನು ತರುವ ಗಾಡಿಯವನ ಕೈಗಾದರೂ ಸೇರಲಿ ಅಂತ ಈ ಕಾಗದ. ತಪ್ಪಿದ್ದರೆ ತಿದ್ದಿಕೊಂಡು ಓದು. ನಮ್ಮ ಮೇಷ್ಟ್ರು ನಿದ್ದೆ ಮಾಡದ ದಿನಗಳಲ್ಲಿ ಕಲಿತ ಅಕ್ಷರ ಇಷ್ಟೇ.

ಇಲ್ಲಿಯ ಸುದ್ದಿ ಅಂದರೆ ಪಾತ್ರೆ ತೊಳೆಯುವ ಮೆಷಿನ್ನಿನದು. ನೀನು ಹೋದ ಮೇಲೆ ಅದಕ್ಕೆ ಬಿಸಿ ಏರುವುದೇ ನಿಂತಿತು. ಗುಂಯ್ ಅನ್ನುತ್ತದೆ, ನೀರು ಎರಚುತ್ತದೆ, ಎಲ್ಲ ನಾಟಕ ಆಡಿ ಕೊನೆಗೆ ಬಾಗಿಲು ತೆಗೆದರೆ ತಟ್ಟೆಗಳೆಲ್ಲ ತಣ್ಣಗೆ, ಒದ್ದೆ, ಜಿಡ್ಡು ಜಿಡ್ಡು. ನಿಮ್ಮಮ್ಮ ತಳದ ಜಾಲರಿ ತೆಗೆದು ಉಜ್ಜಿದಳು. ಬೇಗ ಮುಗಿಯುವ ಗುಂಡಿ ಬಿಟ್ಟು ಹೆಚ್ಚು ಬಿಸಿಯ ಗುಂಡಿ ಒತ್ತಿದಳು. ಸಿಂಕಿನ ನಲ್ಲಿಯಲ್ಲಿ ಬಿಸಿನೀರು ಬರುವವರೆಗೆ ಬಿಟ್ಟು ಆಮೇಲೆ ಶುರು ಮಾಡಿ ನೋಡಿದಳು. ಜಪ್ಪಯ್ಯ ಅಂದರೂ ಬಿಸಿಯಾಗಲಿಲ್ಲ.

ಮನೆಯಿಂದ ದೂರ ಹೋದವರ ಲೋಟವನ್ನು ನಾವು ಕಪಾಟಿಗೆ ಏರಿಸುವುದಿಲ್ಲ, ನಿನಗೆ ಗೊತ್ತು. ಎಲ್ಲರ ಲೋಟದ ಜೊತೆ ಅದೂ ದಿನಾ ತೊಳೆಸಿಕೊಳ್ಳಬೇಕು. ಮೇಲಿಟ್ಟರೆ ಆ ಮನುಷ್ಯನನ್ನು ಮನೆಯಿಂದ ಬಿಟ್ಟುಕೊಟ್ಟ ಹಾಗೆ ಅಂತ ನನ್ನ ಅತ್ತೆ ಹೇಳುತ್ತಿದ್ದರು, ನಾನೂ ನಡೆಸಿಕೊಂಡು ಬಂದೆ. "ಕುಡೀದೇ ಇರೋ ಲೋಟ ತೊಳೆಯೋದ್ಯಾಕೆ ಅತ್ತೆ" ಅಂತ ನಿಮ್ಮಮ್ಮ ಗೊಣಗುತ್ತಾಳೆ, ಗೊಣಗಿಕೊಂಡೇ ಇಡುತ್ತಾಳೆ. ಹಾಗೆ ಇಟ್ಟ ನಿನ್ನ ನೀಲಿ ಗೆರೆಯ ಲೋಟ, ಮಿಕ್ಕ ಪಾತ್ರೆಯೆಲ್ಲ ತಣ್ಣಗಿರುವಾಗ, ಅದೊಂದೇ ಬೆಚ್ಚಗಿರುತ್ತಿತ್ತು. ಈಗ ತಾನೆ ಯಾರೋ ಕುಡಿದು ಇಟ್ಟ ಹಾಗೆ. ನನಗೆ ದೆವ್ವ ಭೂತದ ಹುಚ್ಚಿಲ್ಲ. ಇಟ್ಟ ಜಾಗದ ಮಹಿಮೆ ಇರಬೇಕು ಅಂತ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಟ್ಟೆ, ಮೂಲೆಗೆ ಇಟ್ಟೆ, ಅದರ ಜಾಗಕ್ಕೆ ನಿಮ್ಮಪ್ಪನ ಲೋಟ ಇಟ್ಟೆ. ಅವನದು ಅವನ ಹಾಗೇ ತಣ್ಣಗೆ ಕೂತಿತ್ತು. ನಿನ್ನದು ಎಲ್ಲಿಟ್ಟರೂ ಬೆಚ್ಚಗೆ. ಹೇಳಿದರೆ ಮುದುಕಿಗೆ ಅರಳುಮರಳು ಅನ್ನುತ್ತಾರೆ ಅಂತ ಬಾಯಿ ಮುಚ್ಚಿಕೊಂಡೆ. ಮೆಷಿನ್ ನಿಂತ ಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂರುತ್ತಿದ್ದೆ. ನೀನು ಚೆನ್ನಾಗಿದ್ದೀ ಅಂತ ಸಮಾಧಾನ ಆಗುತ್ತಿತ್ತು.

ಶನಿವಾರ ನಿಮ್ಮಮ್ಮ ಮೆಕ್ಯಾನಿಕ್‌ನನ್ನು ಕರೆಸಿದಳು. ಬಾಯಿ ತುಂಬ ಮಾತು, ಕೈಯಲ್ಲೊಂದು ಮೀಟರು. ಮೆಷಿನ್ನನ್ನು ಮಗ್ಗುಲಿಗೆ ಮಲಗಿಸಿ ತಳ ಬಿಚ್ಚಿ, ನೀರು ಕಾಯಿಸುವ ಕಾಯಿಲ್‌ಗೆ ಮೀಟರು ಮುಟ್ಟಿಸಿದ. ಮುಳ್ಳು ಅಲ್ಲಾಡಲಿಲ್ಲ. "ಇದು ಸತ್ತು ಬಹಳ ದಿನ ಆಯ್ತು ಅಜ್ಜಿ, ಇದರಲ್ಲಿ ಒಂದು ಚಮಚಾನೂ ಬೆಚ್ಚಗಾಗಲ್ಲ" ಅಂದ. ಹಾಗಾದರೆ ನಿನ್ನ ಲೋಟ ಯಾತರಿಂದ ಕಾಯುತ್ತಿತ್ತು? ಯಾರನ್ನು ಕೇಳಲಿ? ಹೊಸ ಕಾಯಿಲ್ ಹಾಕಿ ಹೋದ. ಹಳೆಯದನ್ನು ನಿಮ್ಮಮ್ಮ ಕಸಕ್ಕೆ ಎಸೆಯಲು ಹೊರಟಿದ್ದಳು. ಯಾಕೋ ಮನಸ್ಸು ಒಪ್ಪದೆ ಕಸಿದುಕೊಂಡು, ಟವಲಿನಲ್ಲಿ ಸುತ್ತಿ ನನ್ನ ಮಂಚದ ಕೆಳಗಿಟ್ಟೆ.

ಅವತ್ತು ಸಂಜೆ ಬಾಗಿಲು ತೆಗೆದರೆ ಹಬೆ ಮುಖಕ್ಕೇ ಹೊಡೆಯಿತು. ತಟ್ಟೆ, ಬಟ್ಟಲು, ಸೌಟು, ಎಲ್ಲ ಕೈ ಸುಡುವ ಹಾಗೆ. ನಿಮ್ಮಮ್ಮನ ಮುಖ ಅರಳಿತು. ನಾನು ನಿನ್ನ ಲೋಟ ಎತ್ತಿಕೊಂಡೆ. ಅಷ್ಟು ಹಬೆಯ ನಡುವೆ ಅದು ಮಂಜುಗಡ್ಡೆಯ ಹಾಗಿತ್ತು. ಅಂಚಿಗೆ ಬಿಳಿ ಪುಡಿ ಕಟ್ಟಿತ್ತು. ಸೋಪಿರಬೇಕು ಅಂತ ಬೆರಳಿನಿಂದ ಒರೆಸಿದೆ, ಕರಗಿ ನೀರಾಯಿತು. ಅವತ್ತಿನಿಂದ ದಿನಾ ಹೀಗೇ. ನಿನ್ನ ಫೋನು ನಿಂತದ್ದೂ ಅವತ್ತೇ.

ನಾನು ಓದಿದವಳಲ್ಲ. ಒಂದು ಮನೆಗೆ ಬಿಸಿ ಇಷ್ಟೇ ಅಂತ ಇದ್ದರೆ, ನಮಗೆ ತಣ್ಣಗಿದ್ದಾಗ ಅದು ನಿನ್ನ ಪಾಲಿಗೆ ಬರುತ್ತಿತ್ತೇನೋ. ಈಗ ಪೂರಾ ನಮ್ಮ ತಟ್ಟೆಗೇ ಬಳಿದುಕೊಂಡೆವೇನೋ. ಹುಚ್ಚು ಮುಂಡೇದು ಮನಸ್ಸು, ಏನೇನೋ ಯೋಚಿಸುತ್ತದೆ. ನೀನು ತಲೆಗೆ ಹಚ್ಚಿಕೊಳ್ಳಬೇಡ. ಕಿವಿ ಮುಚ್ಚುವ ಹಾಗೆ ಟೊಪ್ಪಿ ಹಾಕಿಕೋ. ಅಪ್ಪ ಅಮ್ಮ ನಿನ್ನನ್ನು ನೆನೆಯದ ಹೊತ್ತಿಲ್ಲ. ನೂರು ವರ್ಷ ಬೆಚ್ಚಗೆ ಬಾಳು, ಮಗಳೇ.

ಇಂತಿ ನಿನ್ನ
ಬಾಯಿಬಡುಕಿ ಅಜ್ಜಿ

ಇನ್ನೊಂದು ಮಾತು: ಮಡಿಸಿದ ಕಾಗದ ಮತ್ತೆ ಬಿಚ್ಚಿದ್ದೇನೆ. ನಿಮ್ಮಮ್ಮ ಕೆಲಸಕ್ಕೆ ಹೋಗಿದ್ದಾಳೆ. ಆ ಮೆಕ್ಯಾನಿಕ್‌ನನ್ನು ಕರೆಸಿ ಹಳೆಯ ಕಾಯಿಲ್ಲನ್ನೇ ವಾಪಸ್ ಹಾಕಿಸಿದೆ. "ಕೆಟ್ಟಿದ್ದನ್ನ ಕರೆದು ಹಾಕಿಸ್ಕೊಳ್ಳೋರನ್ನ ಇವತ್ತೇ ನೋಡಿದ್ದು ಅಜ್ಜಿ" ಅಂತ ನಕ್ಕ. ನಗಲಿ. ಮೆಷಿನ್ ಈಗ ನಿಂತಿತು. ತಟ್ಟೆಗಳೆಲ್ಲ ತಣ್ಣಗಿವೆ. ನಿನ್ನ ಲೋಟ ಉಗುರುಬೆಚ್ಚಗಿದೆ, ಎಡಗೈಯಲ್ಲಿ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಎರಡೇ ಗೆರೆ ಬರೆದು ಹಾಕು. ನೀನು ಬರುವವರೆಗೆ ಈ ಮನೆಯಲ್ಲಿ ಯಾರೂ ಈ ಮೆಷಿನ್ನನ್ನು ಸರಿ ಮಾಡಿಸದ ಹಾಗೆ ನಾನು ನೋಡಿಕೊಳ್ಳುತ್ತೇನೆ.