ಬಟಾಣಿಯನ್ನು ಕರೆತರಲು ಬಂದವಳು

ನಿನ್ನ ಗಂಡನ ಲಾಂಡ್ರಿ, ಹಿಂದಿನ ಕೋಣೆ
ಹದಿನಾಲ್ಕನೇ ತಾರೀಖು, ಶನಿವಾರ

ನನ್ನ ಮುದ್ದು ಮೊಂಡಿಗೆ,

ಹೇಗಿದ್ದೀಯೇ? ಕಾಲಿನ ಊತ ಇಳಿಯಿತೇ? ದಿನವಿಡೀ ವಾರ್ಡಿನಲ್ಲಿ ನಿಂತೇ ಇರಬೇಕು ಎಂದು ಬರೆದಿದ್ದೆ. ಹಾಸ್ಟೆಲಿಗೆ ಬಂದ ಕೂಡಲೇ ಬಿಸಿನೀರಿಗೆ ಒಂದು ಹಿಡಿ ಉಪ್ಪು ಹಾಕಿ ಪಾದ ಮುಳುಗಿಸಿಕೊಂಡು ಕೂರು. ನರ್ಸ್ ತರಬೇತಿಗೆ ಹೋದವಳಿಗೆ ಅಮ್ಮ ವೈದ್ಯ ಹೇಳಿಕೊಡುತ್ತಾಳೆ ಎಂದು ನಗಬೇಡ. ಊರಿಗೆಲ್ಲ ಹೇಳಿದ್ದನ್ನು ತಾನು ಮಾತ್ರ ಮಾಡದಿರುವುದು ನಮ್ಮ ಮನೆಯ ಹೆಂಗಸರಿಗೆ ಹುಟ್ಟಿನಿಂದ ಬಂದ ಗುಣ. ಊಟ ಬಾಯಿಗೆ ಹಿಡಿಸುತ್ತಿದೆಯೇ? ಹಿಡಿಸದಿದ್ದರೂ ತಿನ್ನು. ನೀನು ಕಳಿಸಿದ ಫೋಟೋದಲ್ಲಿ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ನಿಮ್ಮಪ್ಪ ಅದನ್ನು ನೋಡಿ, ಕ್ಯಾಮೆರಾದವನಿಗೆ ಫೋಟೋ ತೆಗೆಯಲು ಬರುವುದಿಲ್ಲ ಎಂದುಬಿಟ್ಟರು.

ನಾನು ಇಲ್ಲಿಗೆ ಬಂದು ಎರಡು ವಾರವಾಗುತ್ತಾ ಬಂತು. ಬಂದ ಕೆಲಸ ನಿನಗೆ ಗೊತ್ತು, ಕಳಿಸಿದವಳೇ ನೀನು. ಬಟಾಣಿಯನ್ನು ನಮ್ಮ ಮನೆಗೆ ಕರೆದುಕೊಂಡು ಹೋಗಬೇಕು, ನಿನ್ನ ತರಬೇತಿ ಮುಗಿಯುವ ತನಕ ಅವಳು ನಮ್ಮಲ್ಲಿರಬೇಕು. ನಿನ್ನ ಹಾಸ್ಟೆಲಿನಿಂದ ನಮ್ಮಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆ, ಭಾನುವಾರ ಭಾನುವಾರ ಬಂದು ಮಗಳನ್ನು ಎತ್ತಿಕೊಳ್ಳಬಹುದು. ಇಲ್ಲಿಗಾದರೆ ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ. ನಿನ್ನ ಯೋಚನೆಯಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಒಪ್ಪಿದ್ದೆ. ಒಪ್ಪಿದ್ದೆ ಎಂದರೆ ಸಾಲದು, ಕುಣಿದಾಡಿದ್ದೆ. ನಿಮ್ಮಪ್ಪ ನಿನ್ನ ಚಿಕ್ಕಂದಿನ ಮಂಚವನ್ನು ಅಟ್ಟದಿಂದ ಇಳಿಸಿ, ಹಳದಿ ಬಣ್ಣ ಬಳಿದು, ದಿನಕ್ಕೆರಡು ಸಲ ಮುಟ್ಟಿ ನೋಡುತ್ತಾ ಒಣಗಿಸುತ್ತಿದ್ದರು. ಒಬ್ಬ ಗಂಡಸು, ಅದೂ ಬೆಳಗಿನಿಂದ ಸಂಜೆಯವರೆಗೆ ಲಾಂಡ್ರಿ ಅಂಗಡಿ ನಡೆಸುವವನು, ನಾಲ್ಕು ವರ್ಷದ ಹೆಣ್ಣುಮಗುವನ್ನು ಹೇಗೆ ನೋಡಿಕೊಂಡಾನು ಎಂದು ನಾವು ಮೂವರೂ ಕೂತು ತೀರ್ಮಾನ ಮಾಡಿದ್ದೆವು. ಅಳಿಯಂದಿರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಬಂದ ದಿನ ಕಂಡದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಮೊದಲು ಮಗುವಿನ ತಲೆ. ಅಳಿಯಂದಿರು ಬಟ್ಟೆ ಕತ್ತರಿಸುವ ಕತ್ತರಿಯಲ್ಲೇ ಅವಳ ಕೂದಲು ಕತ್ತರಿಸಿದ್ದಾರೆ. ಒಂದು ಕಡೆ ಕಿವಿ ಕಾಣುತ್ತದೆ, ಇನ್ನೊಂದು ಕಡೆ ಕಾಣುವುದಿಲ್ಲ. ಕಾಲುಚೀಲ ಒಂದು ನೀಲಿ, ಒಂದು ಬಿಳಿ. ಊರವರ ಬಟ್ಟೆಯನ್ನೆಲ್ಲ ಸುಕ್ಕಿಲ್ಲದೆ ಮಡಿಸಿಕೊಡುವ ಮನುಷ್ಯನ ಮಗಳು ಮುದುಡಿದ ಫ್ರಾಕಿನಲ್ಲಿ ಬೀದಿಯೆಲ್ಲ ಓಡಾಡುತ್ತಿದ್ದಳು. ಸ್ನಾನ ಬಟ್ಟೆ ನೆನೆಸುವ ತೊಟ್ಟಿಯಲ್ಲಿ. ಮಧ್ಯಾಹ್ನದ ನಿದ್ದೆ ಇಸ್ತ್ರಿಯಾದ ಟವೆಲುಗಳ ಬುಟ್ಟಿಯಲ್ಲಿ, ಅದೂ ಬಿಸಿ ಆರುವ ಮೊದಲೇ ಹತ್ತಿ ಕೂರುತ್ತಾಳೆ. ಯಾರ ಟವೆಲೋ ಏನೋ, ಅವರಿಗೆ ಗೊತ್ತಾಗದಿದ್ದರೆ ಸಾಕು. ಕೂತು ಊಟ ಮಾಡುವ ಪದ್ಧತಿಯೇ ಇಲ್ಲ. ಗಿರಾಕಿ ಬಂದರೆಂದು ಅಪ್ಪ ಎದ್ದರೆ ಇವಳೂ ತಟ್ಟೆ ಹಿಡಿದುಕೊಂಡು ಹಿಂದೆಯೇ ಹೊರಡುತ್ತಾಳೆ. ಸರಿಹೋಯಿತು, ನಾನು ಬಂದದ್ದು ಒಳ್ಳೆಯದೇ ಆಯಿತು ಎಂದುಕೊಂಡು ಸೆರಗು ಬಿಗಿದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇದ್ದದ್ದು ಇಸ್ತ್ರಿಪೆಟ್ಟಿಗೆಯದು. ನಿನಗೂ ಅದೇ ಭಯ ಎಂದು ಬರೆದಿದ್ದೆಯಲ್ಲ, ಕೇಳು. ಮೇಜಿನ ಸುತ್ತ ನೆಲದ ಮೇಲೆ ಅಳಿಯಂದಿರು ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದಾರೆ. ಗೋಡೆಯ ಮೊಳೆಗೆ ಒಂದು ಕೆಂಪು ಬಟ್ಟೆ. ಅದು ನೇತಾಡುತ್ತಿದ್ದರೆ ಪೆಟ್ಟಿಗೆ ಬಿಸಿ ಇದೆ, ಗೆರೆ ದಾಟುವಂತಿಲ್ಲ. ಅದನ್ನು ತೆಗೆದರೆ ಎಲ್ಲಿ ಬೇಕಾದರೂ ಕುಣಿಯಬಹುದು. ಇಷ್ಟು ಚಿಕ್ಕ ಮಗುವಿಗೆ ಗೆರೆ ಏನು ತಿಳಿಯುತ್ತದೆ ಎಂದು ನಾನು ಒಂದು ಕಿತಾಪತಿ ಮಾಡಿದೆ. ಅವರು ಕೆಲಸದಲ್ಲಿ ಮುಳುಗಿದ್ದಾಗ ಅವಳ ಚೆಂಡನ್ನು ಬೇಕೆಂದೇ ಕಾಲಿನಿಂದ ಗೆರೆಯಾಚೆ ತಳ್ಳಿ, ಅವಳ ರಟ್ಟೆ ಹಿಡಿಯಲು ಸಿದ್ಧಳಾಗಿ ನಿಂತೆ. ಅವಳು ಓಡಿಹೋದವಳು ಗೆರೆಗೆ ಹೆಬ್ಬೆರಳು ತಾಗಿಸಿ ನಿಂತುಬಿಟ್ಟಳು. ‘ಅಪ್ಪಾ, ಚೆಂಡು’ ಎಂದಳು. ಅವರು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಬಗ್ಗಿ, ಚೆಂಡು ಕೊಟ್ಟು ಮತ್ತೆ ಕೆಲಸ ಶುರುಮಾಡಿದರು. ಅವಳು ನನ್ನ ಕಡೆ ತಿರುಗಿ ‘ಕೆಂಪು ಇದೆ ಅಜ್ಜಿ, ನೋಡ್ಕೊಂಡು ಆಡು’ ಎಂದು ನನಗೇ ಬುದ್ಧಿ ಹೇಳಿದಳು. ಒಲೆಯ ಹತ್ತಿರ ಹೋಗಬೇಡ ಎಂದು ನಿನಗೆ ನಾನು ಗಂಟಲು ಹರಿಯುವಂತೆ ಕಿರುಚುತ್ತಿದ್ದೆ. ಆದರೂ ನೀನು ಕೈ ಸುಟ್ಟುಕೊಂಡೆ.

ಇನ್ನು ನನ್ನ ಘನಕಾರ್ಯ. ಅಳಿಯಂದಿರು ಇದನ್ನು ನಿನಗೆ ಖಂಡಿತ ಬರೆಯುವುದಿಲ್ಲ, ಆದ್ದರಿಂದ ನಾನೇ ಬರೆಯಬೇಕು. ನಮ್ಮೂರ ಹಾಸ್ಟೆಲಿನ ಉಗ್ರಾಣವನ್ನು ಅಷ್ಟು ವರ್ಷ ನೋಡಿಕೊಂಡವಳು ನಾನು, ಒಂದು ವಸ್ತು ಓರೆಯಾಗಿದ್ದರೂ ನನಗೆ ಅನ್ನ ಇಳಿಯುವುದಿಲ್ಲ ಎಂದು ನಿನಗೆ ಗೊತ್ತು. ಹೋದ ವಾರ ಅವರು ಬಟ್ಟೆ ಕೊಟ್ಟುಬರಲು ಹೊರಗೆ ಹೋಗಿದ್ದರು. ಒಗೆದು ಒಣಗಿಸಿದ ರಾಶಿ ಬೆಂಚಿನ ಮೇಲಿತ್ತು. ನೋಡುತ್ತೇನೆ, ಒಂದೊಂದು ಅಂಗಿಯ ಕಾಲರಿನ ಒಳಗೂ, ಒಂದೊಂದು ದಿಂಬಿನ ಕವರಿನ ಮೂಲೆಯಲ್ಲೂ ದಾರದ ತುಂಡು ಜೋತಾಡುತ್ತಿದೆ. ಕೆಂಪು, ಹಸಿರು, ಕಂದು. ಗಂಡಸರ ಕೈಕೆಲಸವೇ ಹೀಗೆ, ಹೊಲಿದ ದಾರವನ್ನು ಕತ್ತರಿಸುವ ವ್ಯವಧಾನವೂ ಇಲ್ಲ ಎಂದುಕೊಂಡು ಕನ್ನಡಕ ಏರಿಸಿ, ಪುಟ್ಟ ಕತ್ತರಿ ಹಿಡಿದು, ಒಂದನ್ನೂ ಬಿಡದೆ ಎಲ್ಲವನ್ನೂ ಬುಡಸಮೇತ ಕತ್ತರಿಸಿ ಹಾಕಿದೆ. ಆಮೇಲೆ ಅಂಗಿಗಳನ್ನೆಲ್ಲ ಒಂದು ಕಡೆ, ಟವೆಲುಗಳನ್ನೆಲ್ಲ ಒಂದು ಕಡೆ, ದೊಡ್ಡದರ ಮೇಲೆ ಚಿಕ್ಕದು ಬರುವಂತೆ ಜೋಡಿಸಿ, ಹೊಗಳಿಕೆಗೆ ಕಾಯುತ್ತಾ ಕೂತೆ.

ನಿನಗೆ ಈಗಾಗಲೇ ಎದೆ ಧಸಕ್ಕೆಂದಿರಬೇಕು. ಆ ದಾರವೇ ಗುರುತು ಎಂದು ನನಗೆ ಯಾರು ಹೇಳಿದ್ದರು? ಒಂದೊಂದು ಮನೆಗೆ ಒಂದೊಂದು ಬಣ್ಣ, ಬಣ್ಣ ಸಾಲದಿದ್ದರೆ ಹೊಲಿಗೆ ಬೇರೆ. ಅಳಿಯಂದಿರು ಬಂದು ಕಸದ ಮೊರದಲ್ಲಿದ್ದ ದಾರದ ಗುಡ್ಡೆ ನೋಡಿದರು, ನನ್ನ ಅಂದವಾದ ಜೋಡಣೆ ನೋಡಿದರು, ಮೆಲ್ಲಗೆ ಸ್ಟೂಲಿನ ಮೇಲೆ ಕೂತರು. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವರು ಮುಖ ಒರೆಸಿಕೊಂಡು ‘ಪರವಾಗಿಲ್ಲ ಅತ್ತೆ’ ಎಂದರು. ಆಮೇಲೆ ಬಟಾಣಿಯನ್ನು ಮೇಜಿನ ಮೇಲೆ ಕೂರಿಸಿ, ಇದು ಯಾರದು ಹೇಳು ನೋಡೋಣ ಎಂದು ಒಂದೊಂದೇ ಬಟ್ಟೆ ಎತ್ತಿ ಹಿಡಿದರು. ಅವಳಿಗೆ ಅದು ಆಟ. ಇದು ಕೆಮ್ಮುವ ತಾತನದು, ಜೇಬಿನ ಹತ್ತಿರ ಔಷಧಿಯ ಕಲೆ ಇದೆ. ಇದು ಟೀಚರದು, ತೋಳಿನಲ್ಲಿ ಚಾಕ್ ವಾಸನೆ. ಇದು ಬೇಕರಿ ಮಾಮನದು, ಅವನ ಹೊಟ್ಟೆ ಇಷ್ಟು ದೊಡ್ಡದು. ಅವಳು ತಪ್ಪು ಹೇಳಿದಾಗ ಅವರು ತಿದ್ದುತ್ತಿದ್ದರು, ಅವರು ತಡವರಿಸಿದಾಗ ಅವಳು ತಿದ್ದುತ್ತಿದ್ದಳು. ಇಬ್ಬರಿಗೂ ತಿಳಿಯದ್ದನ್ನು ಮೂಟೆ ಕಟ್ಟಿ, ಸಂಜೆ ಮೂವರೂ ಮನೆಮನೆಗೆ ಹೊರಟೆವು. ಮಗು ಅವರ ಹೆಗಲ ಮೇಲೆ, ಮೂಟೆ ನನ್ನ ತಲೆಯ ಮೇಲೆ. ನ್ಯಾಯವಾಗಿಯೇ ಇತ್ತು.

ಒಂದೇ ಒಂದು ಎಡವಟ್ಟಾಯಿತು. ಹಲ್ಲಿನ ಡಾಕ್ಟರ ಬಿಳಿ ಕೋಟು ಕ್ಷೌರದಂಗಡಿಯವನಿಗೆ ಹೋಯಿತು, ಅವನದು ಇವರಿಗೆ. ಇಬ್ಬರೂ ಒಂದು ದಿನವಿಡೀ ಹಾಕಿಕೊಂಡು ಕೆಲಸ ಮಾಡಿದ್ದಾರೆ. ಕೋಟು ತಿರುಗಿ ಬಂದ ಮೇಲೆ ಡಾಕ್ಟರು ಜೇಬಿಗೆ ಕೈ ಹಾಕಿದರೆ ಬಾಚಣಿಗೆ ಸಿಕ್ಕಿತಂತೆ. ನಗಬೇಡ, ಬೀದಿಯೆಲ್ಲ ನಕ್ಕಾಗಿದೆ. ಆದರೆ ಆ ಸಂಜೆ ನಾನು ಕಂಡದ್ದು ಬೇರೆ. ಯಾವ ಮನೆಯ ಬಾಗಿಲು ತಟ್ಟಿದರೂ ಮಗುವಿನ ಕೆನ್ನೆ ಹಿಂಡಿ, ಅಮ್ಮ ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದರು. ಅವಳು ಪ್ರತಿಯೊಬ್ಬರಿಗೂ ಒಂದೇ ಉತ್ತರ ಕೊಡುತ್ತಿದ್ದಳು, ‘ಅಮ್ಮ ಕಲೀತಿದ್ದಾಳೆ. ಕಲಿತಾದ ಮೇಲೆ ಬರ್ತಾಳೆ.’ ಅದು ಅವಳ ಮಾತಲ್ಲ, ಅವಳಪ್ಪನ ಮಾತು, ಅದೇ ರಾಗ. ದಿನವೂ ಹೇಳಿ ಹೇಳಿ ಅವಳ ಬಾಯಿಗೆ ಬಂದಿದೆ. ಯಾವ ಮನೆಯಲ್ಲೂ ಅವಳು ಮುಖ ಸಣ್ಣದು ಮಾಡಲಿಲ್ಲ.

ಮೊನ್ನೆ ಅವರೇ ಮಾತು ತೆಗೆದರು. ಹಾಸುಬಟ್ಟೆ ಮಡಿಸುವ ಹೊತ್ತು. ಅದಕ್ಕೆ ಎರಡು ಜೊತೆ ಕೈ ಬೇಕಲ್ಲ, ಆ ಇನ್ನೊಂದು ಜೊತೆ ಬಟಾಣಿಯದು. ಅವಳು ಸ್ಟೂಲಿನ ಮೇಲೆ ನಿಂತು ಎರಡು ಮೂಲೆ ಹಿಡಿಯುತ್ತಾಳೆ, ಇಳಿದು ಓಡಿ ಬಂದು ಅಪ್ಪನ ಕೈಗೆ ಕೊಡುತ್ತಾಳೆ, ಅವರು ಬಗ್ಗಿ ಮೂಗಿಗೆ ಮೂಗು ತಾಗಿಸುತ್ತಾರೆ, ಮತ್ತೆ ಸ್ಟೂಲಿಗೆ. ನಾನೊಬ್ಬಳೇ ಅಷ್ಟು ಹೊತ್ತಿಗೆ ಮೂರು ಮಡಿಸುತ್ತಿದ್ದೆ. ಮಗು ನೀರು ಕುಡಿಯಲು ಒಳಗೆ ಹೋದಾಗ ಅವರು ನನ್ನ ಕಡೆ ನೋಡದೆ, ‘ಕರ್ಕೊಂಡ್ಹೋಗಿ ಅತ್ತೆ. ಅವಳಮ್ಮನಿಗೆ ವಾರಕ್ಕೊಂದು ದಿನ ಆದ್ರೂ ಸಿಗ್ತಾಳೆ. ನಾನು ಹೇಗೋ ಇರ್ತೀನಿ’ ಎಂದರು. ನೀನು ನನ್ನನ್ನು ಯಾಕೆ ಕಳಿಸಿದ್ದೀಯ ಎಂದು ಅವರಿಗೆ ನಾನು ಬಂದ ದಿನವೇ ಗೊತ್ತಿತ್ತು. ಮಂಚದ ಕೆಳಗಿನಿಂದ ಒಂದು ಚೀಲ ಎಳೆದು ತೋರಿಸಿದರು. ಮಗಳ ಫ್ರಾಕಿಗೆ ಇಸ್ತ್ರಿ ಹಾಕಲು ಬಿಡುವಿಲ್ಲದ ಮನುಷ್ಯ ಅವಳ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿ ಜೋಡಿಸಿದ್ದರು, ಬೊಂಬೆಯ ಅಂಗಿಯನ್ನೂ ಬಿಟ್ಟಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡುತ್ತಾ ನಿಂತೆ.

ಈಗ ವಿಷಯಕ್ಕೆ ಬರುತ್ತೇನೆ. ಸೋಮವಾರ ನಾನು ಹೊರಡುತ್ತೇನೆ, ಒಬ್ಬಳೇ. ಬಟಾಣಿ ಇಲ್ಲೇ ಇರುತ್ತಾಳೆ. ಇದನ್ನು ಓದಿ ನೀನು ಕಾಗದವನ್ನು ಮುದ್ದೆ ಮಾಡಿ ಎಸೆಯುತ್ತೀಯೆ, ಆಮೇಲೆ ಎತ್ತಿಕೊಂಡು ನೇರ ಮಾಡುತ್ತೀಯೆ, ಎರಡೂ ನನಗೆ ಗೊತ್ತು. ಅಮ್ಮ ಅಳಿಯನ ಕಡೆ ಸೇರಿಕೊಂಡಳು ಎನ್ನು, ಪರವಾಗಿಲ್ಲ. ಮಗು ಇಲ್ಲಿ ಚೆನ್ನಾಗಿದ್ದಾಳೆ. ಕೂದಲು ಓರೆ, ಬದುಕು ನೇರವಾಗಿದೆ. ಅವಳಿಗೆ ಇಲ್ಲಿ ಕೆಲಸವಿದೆ, ಬೀದಿಯಿದೆ, ಅಪ್ಪನಿದ್ದಾರೆ. ಅವನ್ನೆಲ್ಲ ಬಿಡಿಸಿ ಒಂದು ಹಳದಿ ಮಂಚ ಕೊಟ್ಟರೆ ಅವಳಿಗೆ ಏನು ಲಾಭ? ಭಾನುವಾರಗಳು ತಪ್ಪಿ ನಿನ್ನ ಹೊಟ್ಟೆ ಉರಿಯುತ್ತದೆ, ನಿನ್ನ ಉರಿ ನನ್ನ ಹೊಟ್ಟೆಗೂ ತಾಗುತ್ತದೆ. ಮುಂದಿನ ತಿಂಗಳ ರಜೆಯಲ್ಲಿ ಹಾಸ್ಟೆಲಿನಲ್ಲೇ ಇದ್ದು ಓದಿಕೊಳ್ಳುತ್ತೇನೆ ಎಂದಿದ್ದೀಯಲ್ಲ, ಆ ಪುಸ್ತಕಗಳನ್ನು ಹೊತ್ತುಕೊಂಡು ಇಲ್ಲಿಗೆ ಬಾ. ಟವೆಲು ಬುಟ್ಟಿಯ ಪಕ್ಕದಲ್ಲಿ ಕೂತು ಓದು. ನಿಮ್ಮಪ್ಪನಿಗೆ ಬೇರೆ ಕಾಗದ ಬರೆಯಬೇಕು, ಅದೇ ಹೆಚ್ಚು ಕಷ್ಟ. ಮಂಚವನ್ನು ಹೇಗೂ ಎಸೆಯುವುದಿಲ್ಲ, ಅಜ್ಜಿಯ ಮನೆಗೆಂದು ಮಗು ಬಂದಾಗ ಬೇಕೇ ಬೇಕು.

ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ಓಡಾಡಲಿ, ನೀನೂ ಗಟ್ಟಿಮುಟ್ಟಾಗಿರು. ಹೊತ್ತಿಗೆ ಸರಿಯಾಗಿ ಉಣ್ಣು, ಕಾಲು ನೋಡಿಕೋ. ನಿನ್ನ ಜೊತೆ ಕೋಣೆಯಲ್ಲಿರುವ ಆ ಗೊರಕೆಯ ಹುಡುಗಿಗೂ ನನ್ನ ನೆನಪು ಹೇಳು.

ಇಂತಿ,
ಬೈಸಿಕೊಳ್ಳಲು ತಯಾರಾಗಿರುವ
ನಿನ್ನ ಅಮ್ಮ

ತಾ.ಕ.: ಅಂಚೆಯಣ್ಣ ತಮ್ಮ ಯೂನಿಫಾರ್ಮಿಗೆ ಇಸ್ತ್ರಿ ಹಾಕಿಸಿಕೊಳ್ಳಲು ಅಂಗಡಿಯಲ್ಲಿ ಬಂದು ಕೂತಿದ್ದಾರೆ, ಕಾಗದವನ್ನು ಅವರ ಕೈಗೇ ಕೊಡುತ್ತೇನೆ. ಅಂಗಿ ಆಯಿತು, ಪ್ಯಾಂಟು ಬಾಕಿ, ಅಷ್ಟರೊಳಗೆ ಬರೆಯಬೇಕು. ಮೇಲೆ ಹೇಳಿದ ಕಾರಣಗಳೆಲ್ಲ ನಿಜ. ಆದರೆ ಅವಿಷ್ಟೇ ಆಗಿದ್ದರೆ ನಾನು ಹಟ ಮಾಡಿ ಬಟಾಣಿಯನ್ನು ಎತ್ತಿಕೊಂಡು ಬಂದೇಬಿಡುತ್ತಿದ್ದೆ, ಅಷ್ಟು ಆಸೆ ನನಗೆ. ನಿನ್ನೆ ಮಧ್ಯಾಹ್ನ ಅವಳು ಹೊರಗಿನಿಂದ ಓಡಿ ಬಂದು, ಯಾವುದೋ ಹಕ್ಕಿಯ ಪುಕ್ಕ ತೋರಿಸುತ್ತಾ, ‘ಅಮ್ಮಾ, ನೋಡಿಲ್ಲಿ’ ಎಂದು ನನ್ನ ತೊಡೆ ಹತ್ತಿದಳು. ‘ಏನು ಕಂದಾ’ ಎಂದು ನಾನು ಓಗೊಟ್ಟೆ. ‘ಅಮ್ಮನಲ್ಲ, ಅಜ್ಜಿ’ ಎಂದು ತಿದ್ದಲಿಲ್ಲ. ಹಿತವಾಗಿತ್ತು ಕಣೇ, ನಿನ್ನ ಹತ್ತಿರ ಸುಳ್ಳು ಹೇಳಲಾರೆ. ಮೇಜಿನ ಹತ್ತಿರದಿಂದ ನಿನ್ನ ಗಂಡ ಎತ್ತಿದ ಪೆಟ್ಟಿಗೆಯನ್ನು ಹಾಗೇ ಹಿಡಿದು, ‘ಅಜ್ಜಿ ಅದು, ಬಟಾಣಿ. ಅಮ್ಮ ಬರ್ತಾಳೆ’ ಎಂದರು. ಇಲ್ಲಿ ನಿನ್ನ ಜಾಗದಲ್ಲಿ ಬೇರೆ ಯಾರೂ ಕೂರದ ಹಾಗೆ ಅವರು ನೋಡಿಕೊಳ್ಳುತ್ತಿದ್ದಾರೆ. ನನ್ನ ಮನೆಯಲ್ಲಿ ಅವಳು ನನ್ನನ್ನು ಹಾಗೆ ಕರೆದರೆ ತಿದ್ದುವವರು ಯಾರೂ ಇರುವುದಿಲ್ಲ. ನಾನಂತೂ ತಿದ್ದುವುದಿಲ್ಲ.